ಸಂಜೆ ಜ್ವರ, ಬಲಗಡೆ ಬೀಜದ ಊತ: ಹಸು ಕಂದು ಹಾಕಿದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಶಿರಾ ಕಡೆಯವನು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹೇಳಿಕೊಳ್ಳಲು ಆಗದೆ ಇಲ್ಲಿ ಬರೆಯುತ್ತಿದ್ದೇನೆ. ನನಗೆ 34 ವರ್ಷ. ಎರಡು ಎಚ್‌ಎಫ್ ಹಸು, ಹದಿನೆಂಟು ಕುರಿ ಇವೆ. ದೀಪಾವಳಿ ಕಳೆದ ಮೇಲೆ ಒಂದು ಹಸು ಏಳು ತಿಂಗಳಿಗೇ ಕಂದು ಹಾಕಿತು. ಮಾಸು ಬೀಳಲಿಲ್ಲ. ರಾತ್ರಿ ಹೊತ್ತು, ಡಾಕ್ಟರು ಸಿಗಲಿಲ್ಲ. ನಾನೇ ಬರಿಗೈಯಲ್ಲಿ ಎಳೆದು ತೆಗೆದೆ. ಬೇಲಿ ಮುಳ್ಳು ತರಚಿದ ಗಾಯ ಕೈಮೇಲೆ ಹಸಿಯಾಗಿಯೇ ಇತ್ತು.

ಸಂಕ್ರಾಂತಿ ಹೊತ್ತಿಗೆ ಜ್ವರ ಶುರುವಾಯಿತು. ಬೆಳಿಗ್ಗೆ ಚೆನ್ನಾಗಿರುತ್ತೇನೆ, ಹೊತ್ತು ಇಳಿದರೆ ಚಳಿ. ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಸೊಂಟ ಹಿಡಿದುಕೊಳ್ಳುತ್ತದೆ. ಟೈಫಾಯ್ಡ್ ಅಂತ ಎರಡು ಸಲ ಮಾತ್ರೆ ಕೊಟ್ಟರು. ಆಮೇಲೆ ಬಲಗಡೆ ಬೀಜ ನಿಧಾನವಾಗಿ ಊದತೊಡಗಿತು. ಈಗ ದೊಡ್ಡ ನಿಂಬೆಹಣ್ಣಿನಷ್ಟಿದೆ, ನಡೆದರೆ ಜಗ್ಗಿದ ಹಾಗೆ ನೋವು. ಮೂತ್ರ ಮಾಡುವಾಗ ಉರಿ ಇಲ್ಲ, ಮೂತ್ರ ಪರೀಕ್ಷೆಯಲ್ಲೂ ಏನೂ ಸಿಕ್ಕಿಲ್ಲ. ಏಳು ದಿನದ ಮಾತ್ರೆಗೆ ಸ್ವಲ್ಪ ಇಳಿದು ಮತ್ತೆ ಊದಿತು. ಸ್ಕ್ಯಾನ್ ಮಾಡಿದವರು ಟಿಬಿಯೋ ಗಡ್ಡೆಯೋ ಇರಬಹುದು, ಬೀಜವನ್ನೇ ತೆಗೆಸಬೇಕಾಗಬಹುದು ಅಂದರು.

ಮದುವೆಯಾಗಿ ಎರಡು ವರ್ಷ, ಇನ್ನೂ ಮಕ್ಕಳಿಲ್ಲ. ಹೆಂಡತಿಗೆ ಹೇಳಿಲ್ಲ. ಬೇರೆ ಎಲ್ಲೋ ಹೋಗಿ ತಂದುಕೊಂಡ ರೋಗ ಅಂದುಕೊಂಡರೆ ಏನು ಮಾಡಲಿ? ದಯವಿಟ್ಟು ಗೊತ್ತಿದ್ದವರು ಹೇಳಿ.

ಕುರಿಹಟ್ಟಿ, ಬಾಗಲಕೋಟೆ

ತಮ್ಮಾ, ಆಪರೇಷನ್‌ಗೆ ಒಪ್ಪುವ ಮುಂಚೆ ಬ್ರುಸೆಲ್ಲಾ ರಕ್ತ ಪರೀಕ್ಷೆ ಮಾಡಿಸು. ಬ್ರುಸೆಲ್ಲಾ ಅಂದರೆ ದನ, ಕುರಿ ಕಂದು ಹಾಕುವ ಹಾಗೆ ಮಾಡಿ ಮನುಷ್ಯರಿಗೂ ಹತ್ತುವ ರೋಗಾಣು. ನೀನು ಬರೆದಿದ್ದು ಓದುತ್ತಿದ್ದರೆ ನನ್ನ ಕಥೆಯೇ ಓದಿದ ಹಾಗಾಯಿತು. ನನಗೆ ಹತ್ತಿದ್ದು ಕುರಿಯಿಂದ. ಒಂದೇ ವಾರದಲ್ಲಿ ನಾಲ್ಕು ಕುರಿ ಕಂದು ಹಾಕಿದ್ದವು, ಎಲ್ಲವನ್ನೂ ನಾನೇ ಎತ್ತಿ ಹಾಕಿದ್ದೆ. ನನಗೂ ಎಡಗಡೆ ಊದಿತ್ತು, ಉರಿ ಮಾತ್ರ ಇರಲಿಲ್ಲ.

ನನಗೆ 21 ದಿನ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಜೊತೆಗೆ ಆರು ವಾರ ಡಾಕ್ಸಿಸೈಕ್ಲಿನ್ ಕೊಟ್ಟರು. ಮೂರನೇ ವಾರಕ್ಕೆ ಜ್ವರ ಹೋಯಿತು, ಊತ ಅರ್ಧ ಇಳಿಯಿತು. ವಾಸಿಯಾಯಿತು ಅಂತ ಮಾತ್ರೆ ಬಿಟ್ಟೆ. ಎರಡು ತಿಂಗಳಿಗೆ ಜ್ವರ ಮತ್ತೆ ಬಂತು, ಈ ಸಲ ಸೊಂಟದ ಕೀಲಿಗೂ ಇಳಿದಿತ್ತು. ಎಲ್ಲಾ ಮೊದಲಿನಿಂದ ಶುರು. ಆ ತಪ್ಪು ನೀನು ಮಾಡಬೇಡ. ಆರು ವಾರ ಅಂದರೆ ಆರು ವಾರ ನುಂಗು. ಬೀಜ ಉಳಿಯಿತು. ಆಮೇಲೆ ಮಗಳು ಹುಟ್ಟಿದಳು, ಈಗ ಶಾಲೆಗೆ ಹೋಗುತ್ತಾಳೆ.

ನಿವೃತ್ತ ಪಶುವೈದ್ಯ

ಶಿರಾದವರೇ, ಸಂಬಂಧ ಇರುವ ಸಾಧ್ಯತೆ ತುಂಬಾ ಜಾಸ್ತಿ. ನಮ್ಮಲ್ಲಿ ಕಂದು ರೋಗ ಅನ್ನುವುದು ಈ ಬ್ರುಸೆಲ್ಲಾ ರೋಗವನ್ನೇ. ದನದ ಮಾಸಿನಲ್ಲಿ ಎರಿಥ್ರಿಟಾಲ್ ಅನ್ನುವ ಒಂದು ಬಗೆಯ ಸಕ್ಕರೆ ಇರುತ್ತದೆ. ಈ ರೋಗಾಣುವಿಗೆ ಅದು ಇಷ್ಟದ ಆಹಾರ, ಅದಕ್ಕೇ ಕಂದು ಹಾಕಿದ ಹಸುವಿನ ಮಾಸಿನಲ್ಲಿ ಅದು ತುಂಬಿ ತುಳುಕುತ್ತದೆ. ಗಾಯದ ಕೈಯಲ್ಲಿ ಅದನ್ನು ಎಳೆದಿದ್ದೀರಿ. ನನಗೆ ನಿಜಕ್ಕೂ ಸಂಕಟವಾಯಿತು, ಯಾಕೆಂದರೆ ಕೈಗವಸು ಹಾಕಿಕೊಳ್ಳಿ ಅಂತ ನಾವು ಇಲಾಖೆಯವರು ಮನೆಮನೆಗೆ ಹೋಗಿ ಹೇಳಬೇಕಿತ್ತು.

ಎರಡೂ ಹಸುವಿನ ರಕ್ತವನ್ನು ಪಶು ಆಸ್ಪತ್ರೆಯಲ್ಲಿ ಈ ರೋಗ ಪತ್ತೆ ಮಾಡುವ ರೋಸ್ ಬೆಂಗಾಲ್ ಪರೀಕ್ಷೆಗೆ ಕೊಡಿ. ಕುರಿಗಳದ್ದೂ ಕೊಡಿ, ಕುರಿ ಮೇಕೆಯಿಂದ ಬರುವ ಬಗೆ ಮನುಷ್ಯರಿಗೆ ಹೆಚ್ಚು ಕಾಟ ಕೊಡುತ್ತದೆ. ಹಾಲು ಉಕ್ಕುವವರೆಗೆ ಕಾಯಿಸದೆ ಯಾರೂ ಕುಡಿಯಬಾರದು, ಗಿಣ್ಣದ ಹಾಲೂ ಅಷ್ಟೇ. ಕಂದು, ಮಾಸು ನಾಯಿಗೆ ಸಿಗದ ಹಾಗೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಹೆಣ್ಣು ಕರುವಿಗೆ 4ರಿಂದ 8 ತಿಂಗಳ ಒಳಗೆ ಈ ರೋಗ ತಡೆಯುವ ಎಸ್19 ಲಸಿಕೆ ಹಾಕಿಸಿ. 2019ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಅದು ಉಚಿತ. ಒಂದು ವಿನಂತಿ: ಆ ಹಸುವನ್ನು ಸುಮ್ನೆ ಸಂತೆಗೆ ಹೊಡೆದು ಇನ್ನೊಬ್ಬರ ಕೊಟ್ಟಿಗೆಗೆ ದಾಟಿಸಬೇಡಿ.

ರಿಯಾದ್ ಲ್ಯಾಬ್

ನಾನು ಉಡುಪಿಯವಳು. ಇಲ್ಲಿ ಲ್ಯಾಬಿನಲ್ಲಿ ಕೆಲಸ. ಗಂಡಸರಿಗೆ ಜ್ವರದ ಜೊತೆ ಬೀಜದ ಊತ ಬಂದರೆ ಇಲ್ಲಿ ಮೊದಲು ಕೇಳುವುದೇ "ಹಸಿ ಒಂಟೆ ಹಾಲು ಕುಡಿದಿದ್ದೀರಾ?" ಅಂತ. ನಮ್ಮ ಊರಲ್ಲಿ ಹಸು, ಕುರಿ ಸಾಕಿದ್ದೀರಾ ಅಂತ ಕೇಳುವವರು ಕಡಿಮೆ, ಆದ್ದರಿಂದ ನೀವೇ ಹೇಳಬೇಕು. ಕಂದು ಹಾಕಿದ್ದು, ಮಾಸು ಎಳೆದಿದ್ದು, ಎಲ್ಲಾ ಹೇಳಿ.

ರೋಸ್ ಬೆಂಗಾಲ್ ಜೊತೆ ಟ್ಯೂಬ್ ಪರೀಕ್ಷೆಯೂ ಮಾಡಿಸಿ, ರಕ್ತದ ಸೀರಂ ಅನ್ನು ಎಷ್ಟು ಪಟ್ಟು ತೆಳು ಮಾಡಿದರೂ ರೋಗದ ಗುರುತು ಸಿಗುತ್ತದೆ ಅಂತ ಅದರಲ್ಲಿ ನೋಡುತ್ತಾರೆ. ಲಕ್ಷಣಗಳಿದ್ದು 1:160 ಅಥವಾ ಅದಕ್ಕಿಂತ ಮೇಲೆ ಬಂದರೆ ಬ್ರುಸೆಲ್ಲಾ ಅಂತ ಬಲವಾಗಿ ಅನುಮಾನಿಸುತ್ತಾರೆ. ರಕ್ತದ ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕೊಡುವಾಗ ಬ್ರುಸೆಲ್ಲಾ ಅನುಮಾನ ಅಂತ ಚೀಟಿಯಲ್ಲಿ ಬರೆಸಿ. ಅದು ನಿಧಾನಕ್ಕೆ ಬೆಳೆಯುತ್ತದೆ, ಮತ್ತೆ ಲ್ಯಾಬಿನವರಿಗೂ ಸುಲಭವಾಗಿ ಅಂಟುತ್ತದೆ. ಟಿಬಿ ಇಲ್ಲ ಅಂತ ಮೊದಲು ಖಚಿತ ಮಾಡಿಸಿಕೊಳ್ಳಿ, ಯಾಕೆಂದರೆ ಇದಕ್ಕೆ ಕೊಡುವ ರಿಫಾಂಪಿಸಿನ್, ಸ್ಟ್ರೆಪ್ಟೊಮೈಸಿನ್ ಎರಡೂ ಟಿಬಿಗೂ ಕೊಡುವ ಔಷಧಿಗಳೇ, ಟಿಬಿ ಇದ್ದರೆ ಅರ್ಧಂಬರ್ಧ ಚಿಕಿತ್ಸೆಯಾದ ಹಾಗಾಗುತ್ತದೆ. ಕೋರ್ಸ್ ಮುಗಿದ ಮೇಲೂ ಗಂಟು ಉಳಿದರೆ ಮತ್ತೆ ಸ್ಕ್ಯಾನ್ ಮಾಡಿಸಿ. ಇದ್ದಕ್ಕಿದ್ದಂತೆ ತಡೆಯಲಾಗದ ನೋವು ಬಂದರೆ ಮಾತ್ರ ಆ ಗಂಟೆಯಲ್ಲೇ ದೊಡ್ಡ ಆಸ್ಪತ್ರೆಗೆ ಓಡಿ. ಬೀಜ ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಸತ್ತುಹೋಗುತ್ತದೆ.

ಹೆಂಡತಿಗೆ ಹೇಳಿ. ಇದು ಬೇರೆ ಕಡೆ ಹೋಗಿ ಬರುವ ರೋಗ ಅಲ್ಲ. ಗಂಡನಿಂದ ಹೆಂಡತಿಗೆ ದಾಟುವುದು ತೀರಾ ಅಪರೂಪ, ಆದರೂ ಔಷಧಿ ಮುಗಿಯುವವರೆಗೆ ಕಾಂಡೋಮ್ ಬಳಸಿ. ಒಂದು ಕಡೆ ಮಾತ್ರ ಊದಿದ್ದು ಬೇಗ ಔಷಧಿ ಸಿಕ್ಕರೆ ಹೆಚ್ಚಿನವರಿಗೆ ಮಕ್ಕಳಾಗಲು ತೊಂದರೆ ಆಗುವುದಿಲ್ಲ. ಧೈರ್ಯವಾಗಿರಿ.

ಶಿರಾ ಕಡೆಯವನು

ಹನ್ನೆರಡು ದಿನ ಆಯಿತು. ತುಮಕೂರಿಗೆ ಹೋಗಿದ್ದೆ. ಟ್ಯೂಬ್ ಪರೀಕ್ಷೆ 1:640 ಬಂತು, ಟಿಬಿ ಇಲ್ಲ. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಶುರು ಮಾಡಿದ್ದಾರೆ. ಮೂತ್ರ ಕೆಂಪಗೆ ಬಂದಾಗ ಹೆದರಿದ್ದೆ, ಮಾತ್ರೆಯ ಬಣ್ಣ ಅಂತ ಆಮೇಲೆ ಗೊತ್ತಾಯಿತು. ಮೂರು ರಾತ್ರಿಯಿಂದ ಬೆವರಿಲ್ಲ. ಆಪರೇಷನ್ ಈಗ ಬೇಡ ಅಂದಿದ್ದಾರೆ.

ನಿನ್ನೆ ಹೆಂಡತಿಗೆ ಎಲ್ಲಾ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ತನಗೂ ಒಂದು ತಿಂಗಳಿಂದ ಸಂಜೆ ಹೊತ್ತು ಮೈ ಬಿಸಿಯಾಗುತ್ತಿದೆ, ಮಂಡಿ ನೋಯುತ್ತಿದೆ ಅಂದಳು. ಹಾಲು ಕರೆಯುವವಳು ಅವಳೇ ಅಲ್ವಾ, ನಾನು ಒಂದು ಸಲವೂ ಕೇಳಿರಲಿಲ್ಲ. ಸೋಮವಾರ ಇಬ್ಬರೂ ಹೋಗುತ್ತಿದ್ದೇವೆ.