ಹಿಂದಿನಿಂದ ಎಂಜಿನ್ ತಳ್ಳುವ ರೈಲು ಎಷ್ಟು ಸುರಕ್ಷಿತ?

ಪ್ರಶ್ನೆ:
ನನ್ನ ತಾಯಿ ನಿತ್ಯ ಓಡಾಡುವ ರೈಲನ್ನು ಹೋಗುವಾಗ ಎಂಜಿನ್ ಎಳೆಯುತ್ತದೆ, ಬರುವಾಗ ಅದೇ ಎಂಜಿನ್ ಹಿಂದಿನಿಂದ ತಳ್ಳುತ್ತದೆ. ಆಗ ಚಾಲಕರು ಮುಂದಿನ ಬೋಗಿಯ ತುದಿಯ ಪುಟ್ಟ ಕೋಣೆಯಲ್ಲಿ ಕುಳಿತು ನಡೆಸುತ್ತಾರೆ. ಹಗ್ಗವನ್ನು ಎಳೆದರೆ ನೆಟ್ಟಗೆ ಬರುತ್ತದೆ, ತಳ್ಳಿದರೆ ಸುರುಳಿಯಾಗುತ್ತದೆ. ಹಾಗಿರುವಾಗ ತಿರುವಿನಲ್ಲಿ ಬೋಗಿಗಳು ಹಳಿ ತಪ್ಪುವುದಿಲ್ಲವೇ?

ಉತ್ತರ 1:
ಹಗ್ಗಕ್ಕೆ ದಾರಿ ತೋರಿಸುವವರಿಲ್ಲ, ಬೋಗಿಗೆ ಹಳಿಯಿದೆ. ತಿರುವಿನಲ್ಲಿ ತಳ್ಳುವ ಬಲದ ಒಂದು ಪಾಲು ಪಕ್ಕಕ್ಕೆ ಹೊರಳಿ, ಚಕ್ರದ ಒಳಬದಿಯ ಏಣನ್ನು ಹೊರಗಿನ ಹಳಿಗೆ ಒತ್ತುತ್ತದೆ ಎಂಬುದು ನಿಜ. ಆದರೆ ಆರೆಂಟು ಬೋಗಿಗಳ ಪ್ರಯಾಣಿಕ ರೈಲಿನಲ್ಲಿ ಆ ಒತ್ತಡ, ಚಕ್ರವನ್ನು ಹಳಿಯ ಮೇಲೆ ಅದುಮಿ ಹಿಡಿದಿರುವ ತೂಕದ ಮುಂದೆ ಅಲ್ಪವಾದದ್ದು. ಬ್ರೇಕ್ ಕೂಡ ಎಂಜಿನ್ನಿನಲ್ಲಷ್ಟೇ ಅಲ್ಲದೆ ಪ್ರತಿ ಬೋಗಿಯ ಚಕ್ರಗಳ ಮೇಲೂ ಕೆಲಸ ಮಾಡುತ್ತದೆ. ಆಸ್ಟ್ರಿಯಾದ ರೈಲ್‌ಜೆಟ್ ಇದೇ ವ್ಯವಸ್ಥೆಯಲ್ಲಿ ಗಂಟೆಗೆ 230 ಕಿ.ಮೀ. ವೇಗದಲ್ಲಿ ಓಡುತ್ತದೆ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಅಷ್ಟಕ್ಕೇ ನಿಲ್ಲಿಸಬಾರದು. ಅಪಾಯವಿರುವುದು ತಳ್ಳುವುದರಲ್ಲಲ್ಲ, ಮುಂದೆ ಹಗುರವಾದ ಬೋಗಿ ಇರುವುದರಲ್ಲಿ. 1984ರ ಜುಲೈ 30ರಂದು ಸ್ಕಾಟ್ಲೆಂಡಿನ ಪೋಲ್ಮಂಟ್ ಬಳಿ, ಗಂಟೆಗೆ ಸುಮಾರು 137 ಕಿ.ಮೀ. ವೇಗದಲ್ಲಿದ್ದ ಇಂಥದೇ ರೈಲು ಹಳಿಯ ಮೇಲೆ ಬಂದಿದ್ದ ಒಂದು ಹಸುವಿಗೆ ಗುದ್ದಿತು. ಹಸುವಿನ ದೇಹ ಚಕ್ರದಡಿಗೆ ಸಿಕ್ಕಿ ಮುಂದಿನ ಬೋಗಿ ಮೇಲೆದ್ದು ಹಳಿ ತಪ್ಪಿತು. 13 ಮಂದಿ ತೀರಿಕೊಂಡರು. ಭಾರವಾದ ಎಂಜಿನ್ ಮುಂದಿದ್ದರೆ ಅದು ಹಳಿ ಬಿಟ್ಟು ಮೇಲೇಳುವ ಸಂಭವ ಕಡಿಮೆಯಿರುತ್ತಿತ್ತು. ಆ ಬಳಿಕ ಅಂಥ ಬೋಗಿಗಳ ಮುಂಭಾಗದಲ್ಲಿ, ಚಕ್ರಗಳಿಗಿಂತ ಮುಂದೆ, ಅಡ್ಡ ಬಂದದ್ದನ್ನು ಪಕ್ಕಕ್ಕೆ ಸರಿಸುವ ಉಕ್ಕಿನ ತಡೆಗಳನ್ನು ಅಳವಡಿಸಲಾಯಿತು. ಬೇಲಿ ಗಟ್ಟಿಯಾಗಿರುವುದೂ ಅಷ್ಟೇ ಮುಖ್ಯವೆಂದು ನಾನು ಬಲವಾಗಿ ನಂಬುತ್ತೇನೆ.

ಪ್ರಶ್ನೆ ಕೇಳಿದವರು:
ಹಾಗಾದರೆ ತಾಯಿಯವರಿಗೆ ಹಿಂದಿನ ಬೋಗಿಯಲ್ಲಿ ಕುಳಿತುಕೊಳ್ಳಲು ಹೇಳಲೇ?

ಉತ್ತರ 2:
ಹೇಳಿ, ಅದರಿಂದ ನಷ್ಟವೇನೂ ಇಲ್ಲ. 2005ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ, ಹಳಿಯ ಮೇಲೆ ಬಿಟ್ಟುಹೋಗಿದ್ದ ವಾಹನಕ್ಕೆ ಗುದ್ದಿ ಹಳಿ ತಪ್ಪಿದ ಇಂಥದೇ ರೈಲು ಪಕ್ಕದ ರೈಲುಗಳಿಗೂ ತಾಗಿ 11 ಮಂದಿ ಸತ್ತ ಮೇಲೆ, ಅಲ್ಲಿನ ರೈಲುಗಳಲ್ಲಿ ಮುಂದಿನ ಬೋಗಿಯ ಮುಂಭಾಗದ ಆಸನಗಳಿಗೆ ಹಗ್ಗ ಕಟ್ಟಿ ಯಾರೂ ಕೂರದಂತೆ ಮಾಡಿದ್ದರು.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಎಂಜಿನ್ ಮುಂದಿರುವ ರೈಲಿನಲ್ಲೂ ಮೊದಲ ಬೋಗಿಗೆ ಪೆಟ್ಟು ಹೆಚ್ಚು. ತಾಯಿಯವರು ನಡುವಿನ ಬೋಗಿ ಹತ್ತಿದರೆ ಹೋಗುವಾಗಲೂ ಬರುವಾಗಲೂ ಅದೇ ಜಾಗ ಸಾಕಾಗುತ್ತದೆ.