ಎಸ್ಟೀಮ್‌ಗೆ ಕ್ಯಾಮ್ ಹಾಕ್ಸಿದೀನಿ, ವಾಲ್ವ್ ಸ್ಪ್ರಿಂಗ್ ಎಷ್ಟು ಗಟ್ಟಿ ಇರ್ಬೇಕು?

ಹಾಸನ_ಎಸ್ಟೀಮ್:
ನಮಸ್ಕಾರ ಗುರುಗಳೇ. 2004ರ ಮಾರುತಿ ಎಸ್ಟೀಮ್, ಜಿ13ಬಿಬಿ ಇಂಜಿನ್, 16 ವಾಲ್ವ್. ಆಟೋಕ್ರಾಸ್‌ಗೆ ಅಂತ ಕ್ಯಾಮ್ (ವಾಲ್ವ್ ತೆರೆಸೋ ಶಾಫ್ಟ್) ರೀಗ್ರೈಂಡ್, ಹೆಡ್ ಪೋರ್ಟಿಂಗ್, ಜೊತೆಗೆ ವಾಲ್ವ್ ಸೀಟೂ ಕಟ್ ಮಾಡ್ಸಿದೀನಿ. 6,300 ಆರ್‌ಪಿಎಂ ತನಕ ಕುದುರೆ ಥರ ಎಳೆಯತ್ತೆ, ಆಮೇಲೆ ಇಂಜಿನ್ ಹೆಡ್ ಮೇಲಿಂದ ಪಟಪಟ ಸದ್ದು, ಪವರ್ ಅಲ್ಲೇ ಸತ್ತೋಗತ್ತೆ. ಕ್ಯಾಮ್ ಮಾಡ್ಕೊಟ್ಟವ್ರು ಸ್ಟಾಕ್ ಸ್ಪ್ರಿಂಗೇ ಸಾಕು ಅಂದಿದ್ರು, ಈಗ ಫೋನೇ ಎತ್ತಲ್ಲ. ಜೆ.ಸಿ. ರೋಡಲ್ಲಿ ಬೇರೆ ಯಾವ್ದೋ ಗಾಡಿದು ಡಬಲ್ ಸ್ಪ್ರಿಂಗ್ ಸಿಗ್ತಿದೆ, ಹೆಬ್ಬೆಟ್ಟಲ್ಲಿ ಒತ್ತಿದ್ರೆ ಕೂದಲೆಳೆಯಷ್ಟೂ ಬಗ್ಗಲ್ಲ. ಹಾಕ್ಬಿಡ್ಲಾ?

ಕರಿಬೂಟು:
ಮೊದ್ಲು ಅದು ವಾಲ್ವ್ ಫ್ಲೋಟೇ (ಸ್ಪ್ರಿಂಗ್ ಸೋತು ವಾಲ್ವ್ ಕ್ಯಾಮ್ ಜೊತೆ ಹೋಗ್ದೆ ತೇಲೋದು) ಹೌದಾ ನೋಡು ಮಾರಾಯ. ಇಸಿಯು (ಇಂಜಿನ್ ಕಂಪ್ಯೂಟರ್) ಸ್ಟಾಕ್ ಇದ್ರೆ ಆರ್‌ಪಿಎಂ ಲಿಮಿಟರ್ ಇರತ್ತೆ, ಆದ್ರೆ ಅದು ಪ್ರತಿ ಸಲ ಒಂದೇ ಆರ್‌ಪಿಎಂನಲ್ಲಿ ಚಾಕು ಹಾಕಿದಂಗೆ ಕಟ್ ಮಾಡತ್ತೆ, ನಿಂದು ತೊದಲ್ತಿದೆ ಅಂದ್ರೆ ಪ್ಲಗ್, ಕಾಯಿಲ್, ಫ್ಯೂಯಲ್ ಪ್ರೆಶರ್ ಮೂರೂ ಚೆಕ್ ಮಾಡಿ ಆಮೇಲೆ ಹೆಡ್‌ಗೆ ಕೈ ಹಾಕು.

ಲೇಥ್_ಮೇಷ್ಟ್ರು:
ಹೆಬ್ಬೆಟ್ಟಲ್ಲಿ ಒತ್ತಿ ಸ್ಪ್ರಿಂಗ್ ಆರಿಸೋದು ಮಾವಿನಹಣ್ಣಿಗೆ ಸರಿ. ಇಲ್ಲಿ ಬೇಕಿರೋದು ಇನ್‌ಸ್ಟಾಲ್ಡ್ ಹೈಟ್ (ವಾಲ್ವ್ ಮುಚ್ಚಿದಾಗ ಸ್ಪ್ರಿಂಗಿನ ಎತ್ತರ), ನಿಜವಾದ ವಾಲ್ವ್ ಲಿಫ್ಟ್, ಕಾಯಿಲ್ ಬೈಂಡ್ ಹೈಟ್. ಕ್ಯಾಮ್ ಕಾರ್ಡಲ್ಲಿ ಬರೆದಿರೋದು ಲೋಬ್ (ಕ್ಯಾಮಿನ ಉಬ್ಬು) ಲಿಫ್ಟ್ ಆದ್ರೆ ಅದನ್ನ ರಾಕರ್ (ಕ್ಯಾಮಿಂದ ವಾಲ್ವ್ ಒತ್ತೋ ಸನ್ನೆ) ರೇಶಿಯೋಗೆ ಗುಣಿಸ್ಬೇಕು, ಬಹಳ ಜನ ಎಡವೋದು ಇಲ್ಲೇ. ಸುಮ್ನೆ ಲೆಕ್ಕಕ್ಕೆ ಹೇಳ್ತೀನಿ, ಹೈಟ್ 31 ಎಂಎಂ, ಲಿಫ್ಟ್ 8.5, ಸ್ಪ್ರಿಂಗ್ ಪೂರ್ತಿ ಒತ್ಕೊಂಡು ಸುರುಳಿಗೆ ಸುರುಳಿ ತಾಗೋದು, ಅಂದ್ರೆ ಕಾಯಿಲ್ ಬೈಂಡ್, 21ಕ್ಕೆ ಅಂದ್ರೆ ಉಳಿಯೋದು 1.5, ಸಾಕು, 1ಕ್ಕಿಂತ ಕೆಳಗೆ ಹೋಗ್ಬೇಡಿ. ರಿಟೇನರ್ (ಸ್ಪ್ರಿಂಗ್ ಮೇಲಿನ ಟೋಪಿ) ತಳಕ್ಕೂ ಗೈಡ್ ಸೀಲ್‌ಗೂ ಅಷ್ಟೇ ಗ್ಯಾಪ್ ಬೇಕು, ಇಲ್ಲಾಂದ್ರೆ ಸೀಲ್ ಹರಿದು ನೀಲಿ ಹೊಗೆ. ಸ್ಪ್ರಿಂಗ್ ಪ್ರೆಶರ್ ನೋಡೋಕೆ ಬಾತ್‌ರೂಮ್ ತೂಕದ ಮೆಷಿನ್ ಮೇಲೆ ಸ್ಪ್ರಿಂಗ್ ನಿಲ್ಸಿ, ಡ್ರಿಲ್ ಪ್ರೆಸ್ಸಿಂದ ಆ ಹೈಟಿಗೆ ಒತ್ತಿ ಓದ್ಕೊಳಿ, ನಾನು ಇವತ್ತಿಗೂ ಹಂಗೇ ಮಾಡೋದು. ಇನ್ನೊಂದು, ವಾಲ್ವನ್ನ ಕ್ಯಾಮ್ ಜೊತೆ ಹಿಡಿದಿಡೋಕೆ ಬೇಕಾದ ಬಲ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರತ್ತೆ, 6,000ದಿಂದ 7,000ಕ್ಕೆ ಹೋದ್ರೆ 36% ಜಾಸ್ತಿ. 20 ವರ್ಷದ ಸ್ಪ್ರಿಂಗ್ ಕುಗ್ಗಿರ್ಬೋದು, ಹದಿನಾರನ್ನೂ ಸಾಲಾಗಿ ನಿಲ್ಸಿ ಮೇಲೆ ಸ್ಕೇಲ್ ಇಟ್ಟು ನೋಡಿ.

ಕುಡ್ಲ800:
ಡಬಲ್ ಸ್ಪ್ರಿಂಗ್ ಆಸೆಗೆ ಬೀಳ್ಬೇಡಿ ಮಾರ್ರೆ. ನಾನು 800ಗೆ ಸಿಕ್ಕಿದ್ದರಲ್ಲೇ ಗಟ್ಟಿಯಾದ್ದು ಹಾಕಿ, ಎರಡು ತಿಂಗ್ಳಿಗೆ ಆಯಿಲ್ ಇಳ್ಸಿದ್ರೆ ಬೆಳ್ಳಿ ಪುಡಿ ಕಲಸಿದಂಗಿತ್ತು. ಕವರ್ ತೆಗೆದ್ರೆ ಎರಡು ಲೋಬ್ ಮೂತಿ ಸವೆದು ಮೊಂಡಾಗಿತ್ತು, ರಾಕರ್ ಪ್ಯಾಡಲ್ಲಿ ಉಗುರು ಸಿಕ್ಕಾಕೊಳ್ಳೋಷ್ಟು ಗುಳಿ. ಅದೂ ಒಂದು ದಿನಕ್ಕೂ 6,500 ದಾಟಿಸಿರ್ಲಿಲ್ಲ ನಾನು 😭

ಲೇಥ್_ಮೇಷ್ಟ್ರು:
ಅದೇ. ಫ್ಲೋಟ್ ನಿಲ್ಲೋಷ್ಟು ಇದ್ರೆ ಆಯ್ತು, ಅದರ ಮೇಲಿಂದೆಲ್ಲ ಕ್ಯಾಮ್ ತಿನ್ನೋಕೆ. ಹಾಸನದವ್ರೇ, ಸೀಟ್ ಕಟ್ ಮಾಡ್ಸಿದೀನಿ ಅಂದ್ರಲ್ಲ, ಸೀಟ್ ತಗ್ಗಾದ್ರೆ ವಾಲ್ವ್ ಒಳಗೆ ಕೂತು ಸ್ಟೆಮ್ ಮೇಲಕ್ಕೆ ಬರತ್ತೆ, ಹೈಟ್ ಜಾಸ್ತಿಯಾಗಿ ಸೀಟ್ ಪ್ರೆಶರ್ (ವಾಲ್ವ್ ಮುಚ್ಚಿದಾಗ ಸ್ಪ್ರಿಂಗ್ ಒತ್ತೋ ಬಲ) ಕಮ್ಮಿಯಾಗತ್ತೆ. ಹೊಸದು ಕೊಳ್ಳೋ ಮುಂಚೆ ಅಳೀರಿ.

ಹಾಸನ_ಎಸ್ಟೀಮ್:
ಭಾನುವಾರ ಪೂರ್ತಿ ಇದೇ ಕೆಲ್ಸ. ಪ್ಲಗ್, ಕಾಯಿಲ್, ಪ್ರೆಶರ್ ಎಲ್ಲಾ ಸರಿ ಇತ್ತು, ಹೆಡ್ ಇಳಿಸ್ದೆ. ಸ್ಪ್ರಿಂಗ್ ಇಲ್ದೆ ರಿಟೇನರ್, ಅದನ್ನ ಸ್ಟೆಮ್‌ಗೆ ಹಿಡಿಯೋ ಕಾಟರ್ ಕೂರ್ಸಿ ಮೇಲಕ್ಕೆಳೆದು ಹಿಡ್ಕೊಂಡು ಒಂದೊಂದೇ ಅಳೆದೆ. ಮೂರನೇ ಸಿಲಿಂಡರಿನ ಎರಡೂ ಎಕ್ಸಾಸ್ಟ್ ವಾಲ್ವ್ ಹೈಟ್ ಉಳಿದವಕ್ಕಿಂತ 1.1 ಎಂಎಂ ಜಾಸ್ತಿ! ಸೀಟನ್ನ ಬಾವಿ ತೋಡಿದಂಗೆ ತೋಡಿದಾರೆ. ಅದೇ ಎರಡು ರಾಕರ್ ಪ್ಯಾಡಲ್ಲಿ ಸುತ್ತಿಗೆ ಏಟಿನ ಥರ ಗುರುತು.

ಲೇಥ್_ಮೇಷ್ಟ್ರು:
ಸಿಕ್ತಲ್ಲ ಕಳ್ಳ. ಅವೆರಡಕ್ಕೆ 1 ಎಂಎಂ ಶಿಮ್ (ಸ್ಪ್ರಿಂಗ್ ಕೆಳಗಿಡೋ ಬಳೆ) ಕೊಡಿ, ಹೈಟ್ ಮೊದಲಿನಷ್ಟೇ ಆಗೋದ್ರಿಂದ ಕಾಯಿಲ್ ಬೈಂಡ್ ಭಯ ಇಲ್ಲ. ಹದಿನಾರೂ ಸ್ಟಾಕ್ ಸ್ಪ್ರಿಂಗೇ ಹೊಸದು ಹಾಕಿ, ಆಮೇಲೂ ಫ್ಲೋಟ್ ಆದ್ರೆ ಗಟ್ಟಿ ಸಿಂಗಲ್ ಸ್ಪ್ರಿಂಗ್ ಮಾತಾಡೋಣ. ತೆಳು ವಾಶರ್ ಹಾಕ್ಬೇಡಿ, ಹಾರ್ಡನ್ ಮಾಡಿದ ಶಿಮ್ಮೇ ಬೇಕು.

ಹಾಸನ_ಎಸ್ಟೀಮ್:
ಸರಿ ಸಾರ್. ಆ ಸೈಜಿನ ಶಿಮ್ ಬೆಂಗಳೂರಲ್ಲಿ ಯಾರ ಹತ್ರ ಆದ್ರೂ ಎರಡು ಇದ್ಯಾ? ಎರಡೇ ಸಾಕು, ಡಬ್ಬಿಗಟ್ಲೆ ಬೇಡ.