ತಪ್ಪಲ ಪಲ್ಯ, ಜೋರ ಉರಿ, ಎರಡು ನಿಮಿಷ: ಡಯಟಿಷಿಯನ್ ಮೇಡಂಗ ಕೇಳ್ರಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ್ರಿ. ಹೋದ ವಾರ ಮೇಡಂ ಹಾಕಿದ್ದ ಚೈನೀಸ್ ಪದ್ಧತಿ ಪಾಲಕ ನಮ್ಮ ಗುಂಪಿನ್ಯಾಗ ಭಾಳ ಮಂದಿ ಮಾಡ್ಯಾರ. ನೋಡದವ್ರಿಗೆ ಮತ್ತೊಮ್ಮೆ: ಒಂದು ಕಟ್ಟು ಪಾಲಕ, ಎರಡು ಚಮಚಾ ಶೇಂಗಾ ಎಣ್ಣಿ, ಜಜ್ಜಿದ ಬಳ್ಳೊಳ್ಳಿ ಐದಾರು ಎಸಳು, ಎರಡು ಒಣ ಮೆಣಸಿನಕಾಯಿ, ಕಡೀಕ ಒಂದು ಸಣ್ಣ ಚಮಚಾ ಸೋಯಾ ಸಾಸ್. ಇವತ್ತು ಸಂಜಿ ಮೇಡಂ ಎರಡು ತಾಸು ಇರ್ತಾರ. ಹೆಸರು ಬ್ಯಾಡ, ಊರು ಹಾಕಿ ಕೇಳ್ರಿ. ಫಾರ್ವರ್ಡ್ ಮೆಸೇಜ್ ದಯವಿಟ್ಟು ಹಾಕಬ್ಯಾಡ್ರಿ.

ಜೇವರ್ಗಿ: ಮೇಡಂ, ನೀವು ಹೇಳಿದಂಗೇ ಮಾಡಿದ್ವಿ. ಆದ್ರ ನಮ್ಮದು ಕಡಾಯಿ ತುಂಬ ನೀರು ನಿಂತು ಸಾರಿನಂಗಾತು. ನಿಮ್ಮ ಫೋಟೋದಾಗ ಎಲಿ ಮಿರಿ ಮಿರಿ ಮಿಂಚ್ತಿತ್ತು.

ಮೇಡಂ: ನಾಕು ಕಟ್ಟು ಒಮ್ಮೆಲೇ ಹಾಕೀರಿ, ಹೌದಲ್ಲ? ಎಲಿಯೊಳಗ ನೂರಕ್ಕ ತೊಂಬತ್ತು ಭಾಗ ನೀರೇ ಇರ್ತದ ಅಕ್ಕಾರ. ಕಡಾಯಿ ಕಾದಿದ್ರ ಆ ನೀರು ಬಂದಂಗ ಬಂದಂಗ ಆವಿಯಾಗಿ ಹೋಗ್ತದ. ಒಮ್ಮೆಲೇ ಗುಡ್ಡಿ ಸುರುವಿದ್ರ ಕಡಾಯಿ ತಣ್ಣಗಾಗಿ ಪಲ್ಯ ತನ್ನ ನೀರಿನ್ಯಾಗ ತಾನೇ ಕುದೀತದ. ಚೈನಾ ಹೋಟೆಲಿನ ಒಲಿ ಜೆಟ್‌ನಂಗ ಉರೀತದ, ನಮ್ಮ ಮನಿ ಗ್ಯಾಸಿಗೆ ಅಷ್ಟು ದಮ್ ಇಲ್ಲ. ಅದಕ್ಕ ಒಂದು ಸಲಕ್ಕ ಒಂದೇ ಕಟ್ಟು. ಅರ್ಧ ತಾಸು ಮೊದಲೇ ತೊಳೆದು ಟವೆಲ್ ಮ್ಯಾಲ ಹರವಿ ಇಡ್ರಿ. ಕಬ್ಬಿಣ ಕಡಾಯಿ ಹೊಗಿ ಬಿಡೂತನಕ ಕಾಯಿಸ್ರಿ, ಆಮ್ಯಾಲ ಎಣ್ಣಿ, ಬಳ್ಳೊಳ್ಳಿ. ಬಳ್ಳೊಳ್ಳಿ ಕಂದು ಆಗೋಕಿಂತ ಮೊದಲು ದಂಟು ಹಾಕಿ ಅರ್ಧ ನಿಮಿಷ, ಆಮ್ಯಾಲ ಎಲಿ. ಉಪ್ಪು ಮೊದಲೇ ಹಾಕಿದ್ರ ನೀರು ಬಿಡ್ತದ, ಕಡೀಕ ಹಾಕ್ರಿ. ಮುಚ್ಚಳ ಮುಚ್ಚಬ್ಯಾಡ್ರಿ. ಇನ್ನೂ ಒಂದೀಟು ಹಸಿ ಅದ ಅನ್ನಿಸ್ದಾಗೇ ತಾಟಿಗೆ ಸುರುವ್ರಿ, ಉಳಿದದ್ದು ತನ್ನ ಬಿಸಿಗೇ ಬೇಯ್ತದ.

ಸುರಪುರ: (ಫೋಟೋ) ಮೇಡಂ, ಥಾಯ್ಲೆಂಡಿನ ವಿಡಿಯೋದಾಗ ನೀರಿನ ದಂಡಿಗೆ ಬೆಳಿಯೋ ಒಂದು ಪಲ್ಯ ಬಳ್ಳೊಳ್ಳಿ ಹಾಕಿ ಧಗ ಧಗ ಬೆಂಕ್ಯಾಗ ಹುರೀತಾರ್ರಿ. ಟೊಳ್ಳು ದಂಟು, ತುತ್ತೂರಿಯಂಥಾ ತಿಳಿ ನೇರಳೆ ಹೂ. ನಮ್ಮೂರ ಕಾಲುವಿ ದಂಡಿಗೆ ಸೇಮ್ ಟು ಸೇಮ್ ಇದೇ ಗಿಡ ರಾಶಿ ರಾಶಿ ಅದ. ಇದೇನಾ ಅದು?

ಕಲಬುರಗಿ, ಆಳಂದ ರಸ್ತೆ: ಪುಂಡಿ ಪಲ್ಯ ಹಿಂಗ ಮಾಡಬಹುದೇನ್ರಿ?

ಮೇಡಂ: ಬ್ಯಾಡ್ರಿ. ಪುಂಡಿ ಹುಳಿ. ಬೆಂಕಿ ಕಂಡ ಕೂಡ್ಲೇ ಬಣ್ಣಗೆಟ್ಟು ಮುದ್ದಿಯಾಗ್ತದ, ಕಬ್ಬಿಣ ಕಡಾಯಿದಾಗ ಮತ್ತಷ್ಟು ಕರ್ರಗ. ಅದಕ್ಕ ಜ್ವಾಳದ ನುಚ್ಚು ಹಾಕಿ ಕುದಿಸಿ, ಮ್ಯಾಲ ಬಳ್ಳೊಳ್ಳಿ ಒಗ್ಗರಣಿ ಕೊಟ್ಟು ತಿನ್ನೋದೇ ಮರ್ಯಾದಿ. ಹಕ್ಕರಕಿನೂ ಹುರೀಬ್ಯಾಡ್ರಿ, ರೊಟ್ಟಿ ಜೋಡಿ ಹಸೀದೇ ಚಂದ. ಈ ಪದ್ಧತಿಗೆ ಬರೋಬರ್ ಕೂಡೋದು ರಾಜಗಿರಿ, ಎಳಿ ಮೆಂತ್ಯ, ಮೂಲಂಗಿ ತಪ್ಪಲ, ಉಳ್ಳಾಗಡ್ಡಿ ತಪ್ಪಲ. ಉಳ್ಳಾಗಡ್ಡಿ ತಪ್ಪಲಕ್ಕ ಕಡೀಕ ಒಂದು ಚಮಚಾ ಶೇಂಗಾ ಹಿಂಡಿ ಉದುರಿಸಿ ನೋಡ್ರಿ. ಚೈನಾದವ್ರು ನೋಡಿದ್ರ ಬೈತಾರೇನೋ, ನಮ್ಮನ್ಯಾಗ ಮಾತ್ರ ತಾಟು ಖಾಲಿ.

ಸೇಡಂ: ಬಿಪಿ ಇದ್ದವ್ರು ಸೋಯಾ ಸಾಸ್ ತಿನ್ನಬಹುದಾ?

ಮೇಡಂ: ಒಂದು ಸಣ್ಣ ಚಮಚಾದಾಗ ಸುಮಾರು 300 ಮಿಲಿಗ್ರಾಂ ಸೋಡಿಯಂ ಇರ್ತದ. ದಿನಕ್ಕ 2000 ದಾಟಬಾರದು. ಸಾಸ್ ಹಾಕಿದ್ರ ಬ್ಯಾರೆ ಉಪ್ಪು ಬಿಡ್ರಿ. ಅವತ್ತು ಉಪ್ಪಿನಕಾಯಿ, ಹಪ್ಪಳನೂ ಬಿಡ್ರಿ.

ಶಹಾಪುರ: ಮೇಡಂ, ನಮ್ಮ ಮಾವನವರಿಗೆ 64 ವರ್ಷ. ಎರಡು ವರ್ಷದ ಹಿಂದ ಹಾರ್ಟಿನ ವಾಲ್ವ್ ಬದಲಿ ಮಾಡ್ಸೀವಿ, ಲೋಹದ್ದು. ರಕ್ತ ತೆಳು ಮಾಡೋ ಗುಳಗಿ ದಿನಾ ನಡದದ. ಅವ್ರು ಮೊದಲು ತಪ್ಪಲ ಪಲ್ಯ ಮುಟ್ಟತಿದ್ದಿಲ್ಲ. ನಿಮ್ಮ ಪಾಲಕ ಭಾಳ ಸೇರಿ ಎಂಟು ದಿನದಿಂದ ದಿನಾ ಎರಡು ಹೊತ್ತು ಒಂದೊಂದು ಬಟ್ಟಲ ತಿನ್ಲಕತ್ತಾರ. ನಮಗೂ ಖುಷಿ. ಇದ್ರ ಜೋಡಿ ಪಾಲಕ, ಬಳ್ಳೊಳ್ಳಿ, ನಿಂಬಿಹಣ್ಣಿನ ರಸ ಕುಡಿದ್ರ ಗುಳಗಿ ಕಮ್ಮಿ ಮಾಡಬಹುದು ಅಂತ ಒಂದು ಮೆಸೇಜ್ ಬಂದಿತ್ತು. ಮೊನ್ನಿಯಿಂದ ಅರ್ಧ ಗುಳಗಿ ತಗೊಳ್ಲಕತ್ತಾರ. ಇದು ಬರೋಬರ್ ಅದ ಅಲ್ರಿ?

ಮೇಡಂ: ಗುಳಗಿ ಹೆಸರು ಏನು? ವಾರ್ಫರಿನ್ನಾ, ಅಸಿಟ್ರೋಮ್ಮಾ? ಐಎನ್‌ಆರ್ ಟೆಸ್ಟ್, ಅಂದ್ರ ರಕ್ತ ಹೆಪ್ಪುಗಟ್ಟೋಕ ಎಷ್ಟು ಹೊತ್ತು ಹಿಡೀತದ ಅಂತ ನೋಡೋ ಟೆಸ್ಟ್, ಯಾವಾಗ ಆಗಿದ್ದು?

ಶಹಾಪುರ: ಅಸಿಟ್ರೋಮ್ ರಿ. ಟೆಸ್ಟ್ ಮಾಡ್ಸಿ ಎರಡು ತಿಂಗಳಾತು.

ಮೇಡಂ: ಈಗ ನಾ ಬರೆಯೋದು ಪೂರಾ ಓದ್ರಿ. ಓದಿ ಮುಗಿಸಿ ಇವತ್ತೇ ಅವ್ರ ಡಾಕ್ಟರಿಗೆ ಫೋನ್ ಹಚ್ರಿ.

ಈ ಗುಳಗಿ ಕೆಲಸ ಮಾಡೋದೇ ವಿಟಮಿನ್ ಕೆ ತಡೆದು. ರಕ್ತ ಹೆಪ್ಪುಗಟ್ಟೋಕ ಬೇಕಾದ ಪದಾರ್ಥ ತಯಾರು ಮಾಡ್ಲಿಕ್ಕ ಲಿವರಿಗೆ ವಿಟಮಿನ್ ಕೆ ಬೇಕು. ಗುಳಗಿ ಅದನ್ನ ಸಿಗದಂಗ ಮಾಡ್ತದ. ಲೋಹದ ವಾಲ್ವ್ ಮ್ಯಾಲ ರಕ್ತ ಗಟ್ಟಿಯಾಗಬಾರದು ಅಂತೇ ಇದನ್ನ ಕೊಟ್ಟಿರ್ತಾರ. ಮನುಷ್ಯಾಗ ದಿನಕ್ಕ ನೂರು ಮೈಕ್ರೋಗ್ರಾಂ ಸುಮಾರು ವಿಟಮಿನ್ ಕೆ ಸಾಕು. ಬೇಯಿಸಿದ ಪಾಲಕ ಅರ್ಧ ಬಟ್ಟಲದಾಗೇ 400ಕ್ಕ ಮ್ಯಾಲ ಅದ. ನೀವು ದಿನಾ ಎರಡು ಬಟ್ಟಲ ಕೊಟ್ಟೀರಿ. ಒಂದು ಕಡಿಂದ ಗುಳಗಿಯ ಎದುರಾಳಿ ಹೆಚ್ಚಾದ, ಇನ್ನೊಂದು ಕಡಿಂದ ಗುಳಗಿನೇ ಅರ್ಧ ಆತು. ವಾಲ್ವಿನ ಮ್ಯಾಲ ಗಡ್ಡಿ ಕಟ್ಟಿ ಅದು ಮೆದುಳಿಗೆ ಹೋದ್ರ ಲಕ್ವಾ.

ಇವತ್ತು ಡಾಕ್ಟರಿಗೆ ಎರಡೂ ಹೇಳ್ರಿ: ಪಲ್ಯ ಎಷ್ಟು ಅನ್ನೋದು, ಗುಳಗಿ ಅರ್ಧ ಮಾಡಿದ್ದು. ಮುಚ್ಚಿಡಬ್ಯಾಡ್ರಿ, ಬೈದ್ರ ಬೈಸ್ಕೊಳ್ರಿ. ಐಎನ್‌ಆರ್ ಇವತ್ತೇ ಆಗಬೇಕು, ತಪ್ಪಿದ್ರ ನಾಳೆ ಮುಂಜಾನಿ. ಇವತ್ತಿನ ಗುಳಗಿ ಎಷ್ಟು ಅಂತ ಅವ್ರೇ ಹೇಳ್ಲಿ. ನಾನೂ ಹೇಳಲ್ಲ, ನೀವೂ ಅಂದಾಜು ಮಾಡಬ್ಯಾಡ್ರಿ. ಮಾರಿ ಸೊಟ್ಟ ಆದ್ರ, ಮಾತು ತೊದಲಿದ್ರ, ಒಂದು ಕೈಯಾಗ ಶಕ್ತಿ ಹೋದ್ರ, ಉಸಿರು ಸಿಗದಂಗಾದ್ರ ಫೋನ್ ಗೀನ್ ಇಲ್ಲ, ಸೀದಾ 108. ಇನ್ನೊಂದು: ಲೋಹದ ವಾಲ್ವಿನ ಟಿಕ್ ಟಿಕ್ ಸಪ್ಪಳ ರಾತ್ರಿ ಸುಮ್ಮನಿದ್ದಾಗ ಅವ್ರಿಗೆ ಕೇಳಿಸ್ತಿರ್ತದ. ಅದು ಮಂದ ಆಗ್ಯಾದೇನು ಅಂತ ಕೇಳ್ರಿ. ಹೌದು ಅಂದ್ರ ಅದನ್ನೂ ಡಾಕ್ಟರಿಗೆ ಮೊದಲೇ ಹೇಳ್ರಿ.

ಹಂಗಂತ ಹೆದರಿ ಇವತ್ತಿಂದ ಪಲ್ಯ ಪೂರಾ ಬಂದ್ ಮಾಡಬ್ಯಾಡ್ರಿ. ಡಾಕ್ಟರು ಪಲ್ಯ ತಿಂತಾರ ಅಂತ ಲೆಕ್ಕ ಹಿಡಿದು ಗುಳಗಿ ಏರಿಸಿದ ಮ್ಯಾಲ ನೀವು ಪಲ್ಯ ಬಿಟ್ರ ರಕ್ತ ಸೋರೋ ಅಪಾಯ. ಈ ಗುಳಗಿ ತಗೊಳೋರಿಗೆ ತಪ್ಪಲ ಪಲ್ಯ ವಿಷ ಅಲ್ಲ. ಏರುಪೇರೇ ವಿಷ. ವಾರಕ್ಕ ಎಷ್ಟು ಅಂತ ಗೊತ್ತು ಮಾಡ್ಕೊಂಡು ಅಷ್ಟೇ ತಿನ್ನಬೇಕು, ಹಬ್ಬ ಇರ್ಲಿ, ಜಾತ್ರಿ ಇರ್ಲಿ. ಆ ರಸ ಮಾತ್ರ ಇವತ್ತೇ ಬಂದ್. ಹಸಿ ಬಳ್ಳೊಳ್ಳಿ ಭಾಳಷ್ಟು ತಗೊಂಡ್ರ ಅದೂ ರಕ್ತಸ್ರಾವಕ್ಕ ದಾರಿ. ಒಂದು ತಪ್ಪಿಗೆ ಇನ್ನೊಂದು ತಪ್ಪು ವಜಾ ಆಗಲ್ಲ.

ಆ ಮೆಸೇಜ್ ಯಾರು ಕಳಿಸಿದ್ರೋ ಅವ್ರಿಗೆ ಒಂದು ಮಾತು ಕೇಳ್ರಿ: ಲಕ್ವಾ ಹೊಡೆದ್ರ ದವಾಖಾನಿಗೆ ಅವ್ರು ಬರ್ತಾರಾ?

ಚಿತ್ತಾಪುರ: ನಮ್ಮಪ್ಪನೂ ರಕ್ತ ತೆಳುವಿನ ಗುಳಗಿ ತಗೋತಾರ ಮೇಡಂ, ಇಕೊಸ್ಪ್ರಿನ್. ಪಲ್ಯ ಬಿಡಿಸ್ಲಾ?

ಮೇಡಂ: ಅದು ಆಸ್ಪಿರಿನ್, ಬ್ಯಾರೆ ದಾರಿ. ವಿಟಮಿನ್ ಕೆಗೂ ಅದಕ್ಕೂ ಸಂಬಂಧ ಇಲ್ಲ. ತಿನ್ಲಿ.

ಕಮಲಾಪುರ: ಬಿಪಿಗೆ ಸೋಯಾ ಸಾಸ್ ನಡೀತದಾ ಮೇಡಂ?

ಮೇಡಂ: ಮ್ಯಾಲ ಹೇಳೀನಿ.

ಬೀದರ್: ನಾ ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ತಪ್ಪಲ ಪಲ್ಯ ಬಿಟ್ಟು ಚೈನಾದ್ದು ಯಾಕ ಬೇಕು? ಸೋಯಾ ಸಾಸ್, ಟೇಸ್ಟಿಂಗ್ ಪೌಡರ್ (ಅಜಿನೊಮೊಟೊ) ಎಲ್ಲಾ ಪರದೇಶಿ ವಿಷ. ನಮ್ಮಜ್ಜಿ ಇದ್ಯಾವುದೂ ಇಲ್ಲದೇ 90 ವರ್ಷ ಬದುಕಿದ್ಲು.

ಕಲಬುರಗಿ, ಸೂಪರ್ ಮಾರ್ಕೆಟ್: ಅಣ್ಣಾರ, ಹನ್ನೊಂದು ವರ್ಷ ನೂಡಲ್ಸ್ ಗಾಡಿ ನಡೆಸೀನಿ, ಯಾರೂ ಸತ್ತಿಲ್ಲ. ಟೇಸ್ಟಿಂಗ್ ಪೌಡರ್ ರುಚಿ 1908ರಾಗ ಜಪಾನಿನ ಇಕೆಡಾ ಅನ್ನೋ ಪ್ರೊಫೆಸರ್ ಸಮುದ್ರದ ಪಾಚಿ ಸಾರಿನ್ಯಾಗ ಕಂಡುಹಿಡಿದದ್ದು. ಅದೇ ರುಚಿ ಟೊಮ್ಯಾಟೋದಾಗೂ ಅದ.

ಬೀದರ್: ಗಾಡಿ ನಡೆಸೋರು ಗಾಡಿ ಪರವಾಗೇ ಮಾತಾಡ್ತಾರ.

ಸೂಪರ್ ಮಾರ್ಕೆಟ್: ನಿಮ್ಮ ಬೀದರ್ ಜಿಲ್ಲಾದಾಗ ಹೊಲ ತುಂಬ ಸೋಯಾ ಬೆಳೀತೀರಿ, ರೊಕ್ಕ ಎಣಿಸ್ತೀರಿ. ಅದೇ ಸೋಯಾ ಬಾಟಲಿಗೆ ಬಂದ್ರ ಪರದೇಶಿ? ನಿಮ್ಮಜ್ಜಿ ಪಲ್ಯಕ್ಕ ಮೆಣಸಿನಕಾಯಿ ಹಾಕ್ತಿದ್ಲೋ ಇಲ್ಲೋ? ಅದೂ ಅಮೆರಿಕಾ ಕಡಿದು, ಪೋರ್ಚುಗೀಸರು ತಂದದ್ದು.

ಬೀದರ್: ನಮ್ಮಜ್ಜಿ ಸುದ್ದಿಗೆ ಬರಬ್ಯಾಡ.

ಹುಮನಾಬಾದ್: ಅಜ್ಜಿನ ಮೊದಲು ತಂದವ್ರು ನೀವೇ ಅಲ್ರಿ. 😀

ಆಳಂದ: ಕೂಸಿಗೆ ಎಷ್ಟು ತಿಂಗಳಿಂದ ತಪ್ಪಲ ಪಲ್ಯ ಕೊಡಬಹುದ್ರಿ ಮೇಡಂ?

ಸೂಪರ್ ಮಾರ್ಕೆಟ್: ಮೇಡಂ, ಟೇಸ್ಟಿಂಗ್ ಪೌಡರ್ ವಿಷ ಹೌದೋ ಅಲ್ಲೋ, ನೀವೇ ಹೇಳ್ರಿ. ಇವರ ಬಾಯಿ ಮುಚ್ಚಲಿ.

ಮೇಡಂ: ವಿಷ ಅಲ್ಲ. ಚಿಟಿಕಿ ಸಾಕು, ಅದರಾಗೂ ಸೋಡಿಯಂ ಅದ. ಆದ್ರ ತಾಜಾ ಪಲ್ಯ, ಬಳ್ಳೊಳ್ಳಿ ಇದ್ರ ಅದು ಬೇಕೇ ಆಗಲ್ಲ. ಗಾಡಿಯವರೇ, ನೀವು ಒಂದೇ ಎಣ್ಣಿ ಎಷ್ಟು ದಿನ ಕಾಯಿಸ್ತೀರಿ ಅನ್ನೋದು ನನಗ ಹೆಚ್ಚಿನ ಚಿಂತಿ.

ಬೀದರ್: 👏👏

ಸೂಪರ್ ಮಾರ್ಕೆಟ್: ಇದು ಅನ್ಯಾಯ ಮೇಡಂ.

ಹುಮನಾಬಾದ್: ಪಾಲಕ, ಟೊಮ್ಯಾಟೋ ಕೂಡಿಸಿದ್ರ ಕಿಡ್ನಿದಾಗ ಹಳ್ಳು ಆಗ್ತದ ಅಂತ ಒಂದು ಮೆಸೇಜ್ ಬಂದದ, ಕೆಳಗ ಹಾಕ್ತೀನಿ. (ಫಾರ್ವರ್ಡ್)

ಮೇಡಂ: ಫಾರ್ವರ್ಡ್ ಬ್ಯಾಡ ಅಂತ ಮೊದಲನೇ ಸಾಲಿನ್ಯಾಗೇ ಅದ. ಹಳ್ಳು ಒಮ್ಮೆ ಆದವ್ರಿಗೆ ಮಾತ್ರ ಪಾಲಕ, ರಾಜಗಿರಿ ಹಿತಮಿತ. ಎರಡರಾಗೂ ಹಳ್ಳು ಕಟ್ಟಿಸೋ ಆಕ್ಸಲೇಟ್ ಹೆಚ್ಚು. ಅವ್ರು ಕುದಿಯೋ ನೀರಿನ್ಯಾಗ ಒಂದು ನಿಮಿಷ ಅದ್ದಿ ಆ ನೀರು ಚೆಲ್ಲಿ ಹುರೀಲಿ, ಊಟದಾಗ ಮೊಸರು ಇರ್ಲಿ. ಇಲ್ಲಂದ್ರ ಮೆಂತ್ಯ ತಿನ್ಲಿ. ಕಲಬುರಗಿ ಬ್ಯಾಸಗಿದಾಗ ನೀರು ಕಮ್ಮಿ ಕುಡಿಯೋದೇ ದೊಡ್ಡ ಕಾರಣ. ಟೊಮ್ಯಾಟೋಕ್ಕ ಬೈಬ್ಯಾಡ್ರಿ.

ವಾಡಿ: ಹಸರು ಬಣ್ಣ ಉಳೀಲಿ ಅಂತ ನಾವು ಚಿಟಿಕಿ ಸೋಡಾ ಹಾಕ್ತೀವಿ, ನಡೀತದಾ?

ಮೇಡಂ: ಬ್ಯಾಡ. ಎಲಿ ಲೋಳಿಯಾಗ್ತದ, ವಿಟಮಿನ್ ಹೋಗ್ತದ. ಜೋರ ಉರಿ ಇದ್ರ ಬಣ್ಣ ತಾನೇ ಉಳೀತದ.

ಯಾದಗಿರಿ: ಬಿಪಿ ಇದ್ದವ್ರಿಗೆ ಸೋಯಾ ಸಾಸ್...

ಮೇಡಂ: ಮ್ಯಾಲ ಓದ್ರಿ. ಮೂರನೇ ಸಲ ಆತು.

ಯಾದಗಿರಿ: ಕೇಳೋದೇ ತಪ್ಪಾ? ಅಷ್ಟು ಓದ್ಲಿಕ್ಕ ಟೈಮ್ ಇಲ್ರಿ ನಮಗ.

ಮೇಡಂ: ಬರೀಲಿಕ್ಕ ನನಗ ಟೈಮ್ ಇರಬೇಕಾ?

ಅಡ್ಮಿನ್: ಶಾಂತಿ ಶಾಂತಿ. ಬೀದರ್ ಅಣ್ಣಾರ, ಸೂಪರ್ ಮಾರ್ಕೆಟ್ ಅಣ್ಣಾರ, ಜಗಳ ಪರ್ಸನಲ್‌ದಾಗ ಮಾಡ್ಕೊಳ್ರಿ.

ಅಫಜಲಪುರ: ಮೇಡಂ ನಿಮ್ಮ ಫೀಸ್ ಎಷ್ಟ್ರಿ? ತೂಕ ಇಳಿಸೋ ಚಾರ್ಟ್ ಇಲ್ಲೇ ಹಾಕಿಬಿಡ್ರಿ ಎಲ್ಲರಿಗೂ.

ಶಹಾಪುರ: ಮೇಡಂ, ಡಾಕ್ಟರಿಗೆ ಫೋನ್ ಮಾಡಿದ್ವಿ, ಕೂಡ್ಲೇ ಟೆಸ್ಟ್ ಮಾಡಿಸಂದ್ರು. ಇಲ್ಲೇ ಲ್ಯಾಬಿನ್ಯಾಗ ಐಎನ್‌ಆರ್ 1.4 ಬಂದದ. ಎರಡೂವರಿಗೆ ಮ್ಯಾಲ ಇರಬೇಕಿತ್ತಂತ. ಈಗೇ ಕಲಬುರಗಿಗೆ ಕರ್ಕೊಂಡು ಬಾ ಅಂದಾರ, ಗಾಡಿ ಮಾಡೀವಿ. ಟಿಕ್ ಟಿಕ್ ಸಪ್ಪಳ ಕೇಳ್ತದ ಅಂತಾರ ಮಾವನವರು.

ಮೇಡಂ: ಛಲೋ ಆತು, ಹೊರಡ್ರಿ. ಹಳೇ ರಿಪೋರ್ಟ್, ಗುಳಗಿ ಚೀಟಿ ಎಲ್ಲಾ ತಗೊಂಡ್ ಬರ್ರಿ. ಮುಟ್ಟಿದ ಮ್ಯಾಲ ಇಲ್ಲಿ ಒಂದು ಸಾಲು ಹಾಕ್ರಿ.

ಸುರಪುರ: ಮೇಡಂ, ನಂದು ಫೋಟೋ ಹಾಕಿ ಒಂದು ತಾಸು ಆತು. ಎಲ್ಲರಿಗೂ ಹೇಳ್ಲಕತ್ತೀರಿ. ಒಂದು ಚೀಲ ಕಿತ್ತು ತಂದೀವಿ, ಕಡಾಯಿ ಕಾಯ್ಲಕತ್ತದ.

ಮೇಡಂ: ಗ್ಯಾಸ್ ಬಂದ್ ಮಾಡ್ರಿ! ಫೋಟೋ ಈಗ ನೋಡಿದೆ, ಜಗಳದಾಗ ಮ್ಯಾಲ ಹೋಗಿತ್ತು, ತಪ್ಪು ನಂದು. ಥಾಯ್ ಮಂದಿ ಹುರಿಯೋದು ನೀರಿನ ಮ್ಯಾಲ ಬಳ್ಳಿಯಂಗ ಹರಡೋದು, ಎಲಿ ಉದ್ದ, ಬಾಣದ ಮೊನಿಯಂಗ. ನಿಮ್ಮದು ಆಳೆತ್ತರ ನಿಂತ ಗಿಡ, ಎಲಿ ಹೃದಯದ ಆಕಾರ, ಮುರಿದ್ರ ಹಾಲು ಬರ್ತದ. ಹೂ ನೋಡಿ ಮೋಸ ಹೋಗೀರಿ, ಎರಡೂ ಒಂದೇ ಕುಲದವು. ಇದು ಹಿಂದಿಯವ್ರು ಬೇಶರಮ್ ಅನ್ನೋ ಗಿಡ, ವಿಷ. ಯಾರಾದ್ರೂ ತಿಂದೀರೇನು? ಮೊದಲು ಅದು ಹೇಳ್ರಿ.

ಸುರಪುರ: ಇಲ್ರಿ, ಇನ್ನೂ ಯಾರೂ ತಿಂದಿಲ್ಲ.

ಮೇಡಂ: ಕೈ ತೊಳ್ಕೊಳ್ರಿ. ಚೀಲ ಸಮೇತ ಗುಂಡಿ ತೋಡಿ ಹುಗೀರಿ. ಆಡು, ದನಕ್ಕೂ ಹಾಕಬ್ಯಾಡ್ರಿ, ಅವಕ್ಕೂ ನಡುಕ ಹಿಡೀತದ. ಮತ್ತ ಖರೇ ಪಲ್ಯ ಸಿಕ್ಕರೂ ಗಟಾರ ನೀರು ಸೇರೋ ಜಾಗದಿಂದ ಕೀಳಬ್ಯಾಡ್ರಿ.

ಸುರಪುರ: ಆಡು ಮುಂಜಾನಿನೇ ಅರ್ಧ ಚೀಲ ತಿಂದದ ಮೇಡಂ.

ಮೇಡಂ: ನಾ ಆಡಿನ ಡಾಕ್ಟರ್ ಅಲ್ಲ. ಪಶು ದವಾಖಾನಿಗೆ ಫೋನ್ ಹಚ್ರಿ.